ನಾಯಿಗೆ ದಿನಕ್ಕೆ ಎಷ್ಟು ಆಹಾರ ಬೇಕು? ತೂಕ, ಲೆಕ್ಕ ಮತ್ತು ತಟ್ಟೆಯ ವಿಚಾರ

ನಾಯಿ ಸಾಕಿದ ಪ್ರತಿ ಮನೆಯಲ್ಲೂ ದಿನಕ್ಕೆರಡು ಬಾರಿ ಎದುರಾಗುವ ಪ್ರಶ್ನೆ ಇದು: ತಟ್ಟೆಗೆ ಎಷ್ಟು ಹಾಕಬೇಕು? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಉತ್ತರ ನೀಡುವುದು ನಾಯಿಯೇ. ಅದು ಬಾಲ ಅಲ್ಲಾಡಿಸಿ ಮುಖ ನೋಡಿದರೆ ಇನ್ನೊಂದು ಹಿಡಿ. ತಟ್ಟೆ ನೆಕ್ಕಿ ಮುಗಿಸಿದರೆ ಮತ್ತೊಂದು ಚಪಾತಿ. ಆದರೆ ತನಗೆ ಎಷ್ಟು ಬೇಕೆಂಬುದನ್ನು ಅರಿತು ತಿನ್ನುವ ನಾಯಿಗಳು ಕಡಿಮೆ. ಸಿಕ್ಕಾಗ ಸಿಕ್ಕಷ್ಟನ್ನೂ ತಿನ್ನುವುದು ಆ ಪ್ರಾಣಿಯ ಹುಟ್ಟುಗುಣ. ಆದ್ದರಿಂದ ಅಳತೆಯ ಹೊಣೆ ಪೂರ್ತಿಯಾಗಿ ಸಾಕಿದವರ ಮೇಲೆಯೇ ಬೀಳುತ್ತದೆ.

ಈ ಹೊಣೆ ಸಣ್ಣದಲ್ಲ. ಅಳತೆ ಮೀರಿದ ಊಟ ನಾಯಿಯ ಕೀಲುಗಳನ್ನು ಸವೆಸುತ್ತದೆ, ಉಸಿರಾಟವನ್ನು ಭಾರವಾಗಿಸುತ್ತದೆ, ಆಯುಷ್ಯವನ್ನೇ ಮೊಟಕುಗೊಳಿಸುತ್ತದೆ. ಇನ್ನೊಂದೆಡೆ, ಹೊಟ್ಟೆ ತುಂಬಿದರೂ ಪೋಷಣೆ ಸಿಗದ ನಾಯಿಗಳೂ ನಮ್ಮಲ್ಲಿ ಕಡಿಮೆಯೇನಿಲ್ಲ. ಇವೆರಡೂ ತಪ್ಪಬೇಕಾದರೆ ಸ್ವಲ್ಪ ಲೆಕ್ಕ, ಸ್ವಲ್ಪ ಕೈಪರೀಕ್ಷೆ ಬೇಕು. ಎರಡೂ ಮನೆಯಲ್ಲಿಯೇ ಸಾಧ್ಯ.

ಲೆಕ್ಕದ ಮೂಲ ಸೂತ್ರ

ಆಹಾರದ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ಬಳಕೆಯಲ್ಲಿ ಇದನ್ನೇ ಕ್ಯಾಲೊರಿ ಎನ್ನುವುದು ರೂಢಿ. ಈ ಲೇಖನದಲ್ಲಿಯೂ ಹಾಗೆಯೇ ಬಳಸಲಾಗಿದೆ. ನಾಯಿಯೊಂದು ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ಹೃದಯ ಬಡಿಯಲು, ಉಸಿರಾಡಲು, ಮೈ ಬೆಚ್ಚಗಿರಲು ಶಕ್ತಿ ಬೇಕು. ಇದನ್ನು ವಿಶ್ರಾಂತ ಸ್ಥಿತಿಯ ಅಗತ್ಯ ಎನ್ನಬಹುದು. ಪಶುವೈದ್ಯರು ಇದಕ್ಕೆ ಬಳಸುವ ಸೂತ್ರ ಹೀಗಿದೆ: ಕೆ.ಜಿ.ಯಲ್ಲಿರುವ ದೇಹತೂಕವನ್ನು 0.75ರ ಘಾತಕ್ಕೆ ಏರಿಸಿ, ಅದನ್ನು 70ರಿಂದ ಗುಣಿಸಬೇಕು.

ಘಾತದ ಲೆಕ್ಕ ಕಷ್ಟವೆನಿಸಿದರೆ ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿಯೇ ಸುಲಭ ದಾರಿಯಿದೆ. ತೂಕವನ್ನು ಅದರಿಂದಲೇ ಎರಡು ಬಾರಿ ಗುಣಿಸಿ, ಬಂದ ಸಂಖ್ಯೆಗೆ ಎರಡು ಬಾರಿ ವರ್ಗಮೂಲದ ಗುಂಡಿ ಒತ್ತಿ, ಕೊನೆಗೆ 70ರಿಂದ ಗುಣಿಸಿದರಾಯಿತು. ಉದಾಹರಣೆಗೆ 10 ಕೆ.ಜಿ. ತೂಕದ ನಾಯಿಗೆ 10 × 10 × 10 = 1000; ಒಂದು ವರ್ಗಮೂಲ 31.6, ಮತ್ತೊಂದು ವರ್ಗಮೂಲ 5.62, 70ರಿಂದ ಗುಣಿಸಿದರೆ ಸುಮಾರು 395 ಕ್ಯಾಲೊರಿ.

ನಾಯಿ ಸದಾ ಮಲಗಿಯೇ ಇರುವುದಿಲ್ಲವಲ್ಲ. ಆದ್ದರಿಂದ ಈ ಸಂಖ್ಯೆಯನ್ನು ನಾಯಿಯ ಜೀವನಕ್ರಮಕ್ಕೆ ತಕ್ಕಂತೆ ಹೆಚ್ಚಿಸಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ವಯಸ್ಕ ನಾಯಿಗೆ 1.6ರಿಂದ, ಆಗದ ನಾಯಿಗೆ 1.8ರಿಂದ ಗುಣಿಸುವುದು ರೂಢಿ. ದಿನವಿಡೀ ಫ್ಲ್ಯಾಟಿನಲ್ಲಿಯೇ ಇದ್ದು, ಹೆಚ್ಚು ಓಡಾಡದೆ, ಬೇಗ ದಪ್ಪಗಾಗುವ ನಾಯಿಗೆ 1.2ರಿಂದ 1.4 ಸಾಕು.

ಶಸ್ತ್ರಚಿಕಿತ್ಸೆ ಆದ ವಯಸ್ಕ ನಾಯಿಗಳ ಅಂದಾಜು ಅಗತ್ಯ ಹೀಗಿದೆ:

5 ಕೆ.ಜಿ. – ವಿಶ್ರಾಂತ ಸ್ಥಿತಿಯಲ್ಲಿ 235, ದಿನಕ್ಕೆ ಒಟ್ಟು 375 ಕ್ಯಾಲೊರಿ
10 ಕೆ.ಜಿ. – 395, ಒಟ್ಟು 630
15 ಕೆ.ಜಿ. – 535, ಒಟ್ಟು 855
20 ಕೆ.ಜಿ. – 660, ಒಟ್ಟು 1060
25 ಕೆ.ಜಿ. – 785, ಒಟ್ಟು 1250
30 ಕೆ.ಜಿ. – 895, ಒಟ್ಟು 1435
40 ಕೆ.ಜಿ. – 1115, ಒಟ್ಟು 1780

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತೂಕ ಎರಡರಷ್ಟಾದರೆ ಊಟವೂ ಎರಡರಷ್ಟಾಗಬೇಕಿಲ್ಲ. 5 ಕೆ.ಜಿ.ಯ ಪುಟ್ಟ ನಾಯಿಗೆ ಪ್ರತಿ ಕೆ.ಜಿ.ಗೆ 75 ಕ್ಯಾಲೊರಿ ಬೇಕಾದರೆ, 40 ಕೆ.ಜಿ.ಯ ದೊಡ್ಡ ನಾಯಿಗೆ ಪ್ರತಿ ಕೆ.ಜಿ.ಗೆ 45 ಸಾಕು. ಪಮೇರಿಯನ್‌ಗೆ ಹಾಕುವ ಪ್ರಮಾಣವನ್ನು ತೂಕದ ಲೆಕ್ಕದಲ್ಲಿ ನೇರವಾಗಿ ಹಿಗ್ಗಿಸಿ ಲ್ಯಾಬ್ರಡಾರ್‌ಗೆ ಹಾಕಿದರೆ ಅದು ಖಂಡಿತವಾಗಿ ದಪ್ಪಗಾಗುತ್ತದೆ.

ಒಂದು ಉದಾಹರಣೆ

30 ಕೆ.ಜಿ. ತೂಕದ, ಶಸ್ತ್ರಚಿಕಿತ್ಸೆ ಆದ ಲ್ಯಾಬ್ರಡಾರ್ ಒಂದಿದೆಯೆನ್ನಿ. ಅದಕ್ಕೆ ದಿನಕ್ಕೆ ಬೇಕಾದದ್ದು 1435 ಕ್ಯಾಲೊರಿ. ಬಿಸ್ಕತ್ತು, ತಿಂಡಿ, ತುಣುಕುಗಳೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸೂಚನೆ. ಅಂದರೆ ಸುಮಾರು 145 ಕ್ಯಾಲೊರಿ. ಉಳಿದ 1290 ಕ್ಯಾಲೊರಿ ಮುಖ್ಯ ಊಟದಿಂದ ಬರಬೇಕು. ಕೊಳ್ಳುವ ಒಣ ಆಹಾರದಲ್ಲಿ 100 ಗ್ರಾಂಗೆ 350 ಕ್ಯಾಲೊರಿ ಇದ್ದರೆ, ದಿನಕ್ಕೆ 370 ಗ್ರಾಂ. ಬೆಳಿಗ್ಗೆ 185, ಸಂಜೆ 185 ಗ್ರಾಂ.

ಇನ್ನು 145 ಕ್ಯಾಲೊರಿ ಎಂದರೆ ಎಷ್ಟು? ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲೊರಿ ಇರುತ್ತದೆ. ಬೆಳಗಿನ ಕಾಫಿಯ ಜೊತೆ ಅಜ್ಜಿ ಎರಡು, ಶಾಲೆಯಿಂದ ಬಂದ ಮಗ ಎರಡು, ರಾತ್ರಿ ಯಜಮಾನರು ಎರಡು ಹಾಕಿದರೆ ಇಡೀ ದಿನದ ಪಾಲು ಮುಗಿದು ಸ್ವಲ್ಪ ಹೆಚ್ಚೇ ಆಯಿತು. ಪ್ರತಿಯೊಬ್ಬರೂ ತಾವು ಕೊಟ್ಟದ್ದು ಎರಡೇ ಎಂದುಕೊಂಡಿರುತ್ತಾರೆ. ಹಲವು ಮನೆಗಳಲ್ಲಿ ನಾಯಿ ದಪ್ಪಗಾಗುವ ಗುಟ್ಟು ಇಲ್ಲಿಯೇ ಇದೆ. ದಿನದ ತಿಂಡಿಯನ್ನು ಬೆಳಿಗ್ಗೆಯೇ ಒಂದು ಡಬ್ಬಿಯಲ್ಲಿ ತೆಗೆದಿಟ್ಟು, ಯಾರು ಕೊಟ್ಟರೂ ಅದರಿಂದಲೇ ಕೊಡುವ ಕ್ರಮ ಇಟ್ಟುಕೊಂಡರೆ ಜಗಳವಿಲ್ಲದೆ ಲೆಕ್ಕ ನಿಲ್ಲುತ್ತದೆ. ಸೌತೆಕಾಯಿ, ಕ್ಯಾರೆಟ್ ಹೋಳುಗಳು ಬಿಸ್ಕತ್ತಿಗೆ ಉತ್ತಮ ಬದಲಿ.

ಒಣ ಆಹಾರವನ್ನು ಲೋಟದಲ್ಲಿ ಅಳೆಯುವುದಕ್ಕಿಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದು ಮೇಲು. ಒಂದೇ ಲೋಟವನ್ನು ಇಬ್ಬರು ತುಂಬಿದರೆ ಎರಡು ತೂಕ ಬರುತ್ತದೆ. ಪುಟ್ಟ ನಾಯಿಯ ವಿಷಯದಲ್ಲಿ ಈ ಅಂತರವೇ ದೊಡ್ಡದಾಗುತ್ತದೆ.

ಪ್ಯಾಕೆಟ್ಟಿನ ಮೇಲೆ ಕ್ಯಾಲೊರಿ ಇಲ್ಲದಿದ್ದರೆ

ಕೆಲವು ಪ್ಯಾಕೆಟ್ಟುಗಳ ಮೇಲೆ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿಯ ಪ್ರಮಾಣ ಮಾತ್ರ ಇರುತ್ತದೆ. ಇವೆಲ್ಲವನ್ನೂ ಕೂಡಿಸಿ 100ರಿಂದ ಕಳೆದರೆ ಉಳಿಯುವುದು ಪಿಷ್ಟಾಂಶ. ಪ್ರೋಟೀನ್ ಹಾಗೂ ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿಸಿದರೆ 100 ಗ್ರಾಂ ಆಹಾರದ ಕ್ಯಾಲೊರಿ ಸಿಗುತ್ತದೆ. ಪ್ರೋಟೀನ್ 24, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8 ಇದ್ದರೆ ಪಿಷ್ಟ 42. ಆಗ 84 + 102 + 147, ಒಟ್ಟು 333 ಕ್ಯಾಲೊರಿ. ಬೂದಿಯ ಪ್ರಮಾಣ ನಮೂದಿಸದಿದ್ದರೆ 8 ಎಂದು ಇಟ್ಟುಕೊಂಡು ಲೆಕ್ಕ ಹಾಕಬಹುದು. ಪ್ಯಾಕೆಟ್ಟಿನ ಮೇಲಿನ ಗ್ರಾಂ ಪಟ್ಟಿಯೂ ಒಂದು ಅಂದಾಜು ಮಾತ್ರ. ಅದಕ್ಕೆ ನಿಮ್ಮ ನಾಯಿಯ ಪರಿಚಯವಿಲ್ಲ.

ಕೈಯೇ ಅಳತೆಗೋಲು

ಯಾವ ಸೂತ್ರವೂ ಕೊನೆಯ ಮಾತಲ್ಲ. ಒಂದೇ ತೂಕದ ಎರಡು ನಾಯಿಗಳ ಅಗತ್ಯದಲ್ಲಿ ಸಾಕಷ್ಟು ಅಂತರ ಇರಬಹುದು. ಲೆಕ್ಕ ಆರಂಭಕ್ಕೆ ಮಾತ್ರ. ಅದು ಸರಿಯೋ ತಪ್ಪೋ ಎಂದು ಹೇಳಬೇಕಾದದ್ದು ನಾಯಿಯ ಮೈಕಟ್ಟು. ಇದನ್ನು ಅಳೆಯಲು ಪಶುವೈದ್ಯರು 1ರಿಂದ 9ರವರೆಗಿನ ಅಂಕಪಟ್ಟಿಯನ್ನು ಬಳಸುತ್ತಾರೆ. 1 ಎಂದರೆ ಎಲುಬಿನ ಹಂದರ, 9 ಎಂದರೆ ಅತಿ ಬೊಜ್ಜು. 4 ಮತ್ತು 5 ಉತ್ತಮ. 5ರ ಮೇಲಿನ ಪ್ರತಿ ಅಂಕವೂ ಸುಮಾರು ಶೇ. 10ರಷ್ಟು ಹೆಚ್ಚುವರಿ ತೂಕವನ್ನು ಸೂಚಿಸುತ್ತದೆ.

ಮನೆಯಲ್ಲಿ ಹೀಗೆ ಪರೀಕ್ಷಿಸಬಹುದು. ಒಂದು ಕೈಯನ್ನು ನೇರವಾಗಿ ಚಾಚಿ, ಅಂಗೈ ಕೆಳಗಿರುವಂತೆ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಅದರ ಹಿಂಬದಿಯ ಎಲುಬುಗಳನ್ನು ಸವರಿ ನೋಡಿ. ನಾಯಿಯ ಪಕ್ಕೆಲುಬುಗಳು ಬೆರಳಿಗೆ ಇದೇ ರೀತಿ ಸಿಕ್ಕರೆ ತೂಕ ಸರಿಯಾಗಿದೆ. ಮುಷ್ಟಿ ಬಿಗಿದಾಗ ಎದ್ದು ನಿಲ್ಲುವ ಗೆಣ್ಣುಗಳಂತೆ ತಾಗಿದರೆ ನಾಯಿ ಸೊರಗಿದೆ. ಅಂಗೈಯ ಬುಡದ ಮೆತ್ತನೆಯ ಭಾಗದಂತೆ ತೋರಿ, ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಾಗಿದೆ. ಮೇಲಿನಿಂದ ನೋಡಿದಾಗ ಪಕ್ಕೆಲುಬುಗಳ ಹಿಂದೆ ನಡು ಸ್ವಲ್ಪ ಒಳಸರಿದಿರಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆ ಎದೆಗಿಂತ ಮೇಲೆ ಸರಿದಿರಬೇಕು. ದಟ್ಟ ಕೂದಲಿನ ನಾಯಿಗಳಲ್ಲಿ ಕಣ್ಣನ್ನು ನಂಬಬಾರದು, ಕೈಯನ್ನೇ ನಂಬಬೇಕು.

ಎರಡು ವಾರಕ್ಕೊಮ್ಮೆ ಈ ಪರೀಕ್ಷೆ, ತಿಂಗಳಿಗೊಮ್ಮೆ ತೂಕ. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಬಂದ ತೂಕದಿಂದ ನಿಮ್ಮ ತೂಕವನ್ನು ಕಳೆದರೆ ಸಾಕು. ಮೈಕಟ್ಟು ಬದಲಾಗುತ್ತಿದೆ ಎನಿಸಿದರೆ ಆಹಾರವನ್ನು ಶೇ. 10ರಷ್ಟು ಹೆಚ್ಚಿಸಿ ಅಥವಾ ತಗ್ಗಿಸಿ, ಮತ್ತೆ ಎರಡು ವಾರ ಕಾದು ನೋಡಬೇಕು.

ಕಡಿಮೆ ತಿಂದವು ಹೆಚ್ಚು ಬದುಕಿದವು

ತೆಳ್ಳಗಿರುವುದರಿಂದ ನಾಯಿಗೆ ಏನು ಲಾಭ ಎಂಬುದಕ್ಕೆ ಸ್ಪಷ್ಟ ಉತ್ತರ ನೀಡಿದ ಅಧ್ಯಯನವೊಂದು ಅಮೆರಿಕದಲ್ಲಿ 1987ರಲ್ಲಿ ಆರಂಭವಾಯಿತು. ನಡೆಸಿದ್ದು ನಾಯಿಯ ಆಹಾರ ತಯಾರಿಸುವ ಪ್ಯೂರಿನಾ ಸಂಸ್ಥೆಯ ಸಂಶೋಧಕರ ತಂಡ. 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನ ಎರಡೆರಡರಂತೆ ಜೋಡಿ ಮಾಡಲಾಯಿತು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ. ಎರಡಕ್ಕೂ ಅದೇ ಆಹಾರ. ಅಂತರ ಪ್ರಮಾಣದಲ್ಲಿ ಮಾತ್ರ. ಈ ಕ್ರಮ ಆ ನಾಯಿಗಳ ಜೀವಿತದುದ್ದಕ್ಕೂ ಮುಂದುವರಿಯಿತು.

2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯುಷ್ಯ 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಹತ್ತಿರ ಹತ್ತಿರ ಎರಡು ವರ್ಷಗಳ ಅಂತರ. ಕೀಲುನೋವಿಗೆ ಚಿಕಿತ್ಸೆ ಬೇಕಾದ ವಯಸ್ಸೂ ಮುಂದೆ ಹೋಗಿತ್ತು: ಹೆಚ್ಚು ತಿಂದ ಗುಂಪಿನಲ್ಲಿ ಅರ್ಧದಷ್ಟು ನಾಯಿಗಳಿಗೆ 10.3 ವರ್ಷಕ್ಕೇ ಔಷಧ ಬೇಕಾದರೆ, ಇನ್ನೊಂದು ಗುಂಪಿನಲ್ಲಿ 13.3 ವರ್ಷಕ್ಕೆ. ಹೆಚ್ಚು ತಿಂದ ನಾಯಿಗಳು ಅತಿ ಬೊಜ್ಜಿನವೇನೂ ಆಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ನಮ್ಮ ಬಡಾವಣೆಗಳಲ್ಲಿ "ಚೆನ್ನಾಗಿ ಸಾಕಿದ್ದಾರೆ" ಎಂದು ಮೆಚ್ಚಿಗೆ ಪಡೆಯುವಂಥ ಮೈಕಟ್ಟಿನವೇ ಅವು. ನಾಯಿಯ ಬದುಕು ಹನ್ನೆರಡು-ಹದಿಮೂರು ವರ್ಷಗಳದು. ಅದರಲ್ಲಿ ಎರಡು ವರ್ಷ ಎಂದರೆ ಸುಮಾರು ಆರನೆಯ ಒಂದು ಭಾಗ.

ಲ್ಯಾಬ್ರಡಾರ್ ಯಾಕೆ ಸದಾ ಹಸಿದಿರುತ್ತದೆ?

ಲ್ಯಾಬ್ರಡಾರ್ ಸಾಕಿದವರು ಅದರ ಹಸಿವನ್ನು ಕಂಡು ಕರಗುವುದು ಸಹಜ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಈ ಹಸಿವಿನ ಒಂದು ಕಾರಣವನ್ನು ಪತ್ತೆ ಮಾಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ, ಹೊಟ್ಟೆ ತುಂಬಿದ ಸೂಚನೆಯನ್ನು ಮಿದುಳಿಗೆ ತಲುಪಿಸುವ ವ್ಯವಸ್ಥೆಗೆ ಸೇರಿದ ಪಿಒಎಂಸಿ ಎಂಬ ಜೀನ್‌ನ ತುಣುಕೊಂದು ಇಲ್ಲವಾಗಿರುತ್ತದೆ. 2024ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಇನ್ನೊಂದು ಅಂಶವೂ ತಿಳಿಯಿತು: ಇಂಥ ನಾಯಿಗಳಿಗೆ ಎರಡು ಊಟಗಳ ನಡುವೆ ಹಸಿವು ಹೆಚ್ಚು, ಆದರೆ ವಿಶ್ರಾಂತ ಸ್ಥಿತಿಯಲ್ಲಿ ಅವು ಖರ್ಚು ಮಾಡುವ ಶಕ್ತಿ ಸುಮಾರು ಶೇ. 25ರಷ್ಟು ಕಡಿಮೆ.

ಅಂದರೆ ಆ ನಾಯಿ ನಟಿಸುತ್ತಿಲ್ಲ. ಅದಕ್ಕೆ ನಿಜವಾಗಿಯೂ ಹಸಿವಾಗುತ್ತಿದೆ. ಆದರೆ ಹಸಿವಾದಷ್ಟೂ ಆಹಾರದ ಅಗತ್ಯವಿಲ್ಲ. ಅಂಥ ನಾಯಿಗೆ ದಿನದ ಪ್ರಮಾಣವನ್ನು ಹೆಚ್ಚಿಸದೆ ಮೂರು-ನಾಲ್ಕು ಬಾರಿಗೆ ಹಂಚುವುದು, ಬೇಯಿಸಿದ ಹುರುಳಿಕಾಯಿ ಅಥವಾ ಸಿಹಿಗುಂಬಳ ಬೆರೆಸಿ ತಟ್ಟೆ ತುಂಬಿಸುವುದು, ನಿಧಾನವಾಗಿ ತಿನ್ನುವಂತೆ ಮಾಡುವ ತಟ್ಟೆ ಬಳಸುವುದು ಉಪಯುಕ್ತ.

ಮರಿಗಳು, ಬಾಣಂತಿ ನಾಯಿ, ಮುದಿ ನಾಯಿ

ನಾಲ್ಕು ತಿಂಗಳೊಳಗಿನ ಮರಿಗೆ ವಿಶ್ರಾಂತ ಸ್ಥಿತಿಯ ಅಗತ್ಯದ ಮೂರು ಪಟ್ಟು, ಆ ಬಳಿಕ ಪೂರ್ಣ ಬೆಳೆಯುವವರೆಗೆ ಎರಡು ಪಟ್ಟು ಶಕ್ತಿ ಬೇಕು. ಮೂರು ತಿಂಗಳ, 8 ಕೆ.ಜಿ. ತೂಕದ ಮರಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ. ಇದು 15 ಕೆ.ಜಿ.ಯ ವಯಸ್ಕ ನಾಯಿಯ ಊಟಕ್ಕಿಂತ ಹೆಚ್ಚು. ಮರಿಯ ಹೊಟ್ಟೆ ಚಿಕ್ಕದಾದ್ದರಿಂದ ಮೂರು-ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ, ಬಳಿಕ ಎರಡು ಬಾರಿ ಆಹಾರ ನೀಡಬೇಕು. ತೂಕ ವಾರವಾರಕ್ಕೂ ಬದಲಾಗುವುದರಿಂದ ಲೆಕ್ಕವನ್ನೂ ಆಗಾಗ ಹೊಸದಾಗಿ ಹಾಕಬೇಕು.

ದೊಡ್ಡ ತಳಿಯ ಮರಿಗಳನ್ನು ಬೇಗ ದೊಡ್ಡದು ಮಾಡುವ ಆತುರ ಅಪಾಯಕಾರಿ. ಅತಿಯಾದ ಶಕ್ತಿ ಮತ್ತು ಅತಿಯಾದ ಕ್ಯಾಲ್ಸಿಯಂ ಎರಡೂ ಬೆಳೆಯುವ ಎಲುಬು, ಕೀಲುಗಳನ್ನು ಕೆಡಿಸುತ್ತವೆ. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯುವ ಸಾಮರ್ಥ್ಯವಿಲ್ಲ. ಮರಿಗಳಿಗೆಂದೇ ತಯಾರಿಸಿದ ಸಮತೋಲಿತ ಆಹಾರ ಕೊಡುತ್ತಿರುವಾಗ, ಅಂಗಡಿಯವರ ಮಾತಿಗೆ ಕ್ಯಾಲ್ಸಿಯಂ ಸಿರಪ್ ಸೇರಿಸುವುದು ಲಾಭದ ಬದಲು ಹಾನಿಯನ್ನೇ ಮಾಡೀತು.

ಗರ್ಭಿಣಿ ನಾಯಿಗೆ ಕೊನೆಯ ಮೂರು ವಾರಗಳಲ್ಲಿ ಆಹಾರವನ್ನು ಕ್ರಮೇಣ ಹೆಚ್ಚಿಸಬೇಕು. ಹಾಲೂಡಿಸುವ ನಾಯಿಗೆ, ಮುಖ್ಯವಾಗಿ ಹೆತ್ತ ಮೂರನೆಯ ವಾರದಿಂದ ಐದನೆಯ ವಾರದವರೆಗೆ, ಮರಿಗಳ ಸಂಖ್ಯೆಗೆ ಅನುಗುಣವಾಗಿ ಎಂದಿನ ಎರಡರಿಂದ ನಾಲ್ಕು ಪಟ್ಟು ಆಹಾರ ಬೇಕಾಗಬಹುದು. ಇಲ್ಲಿ ಕೈ ಹಿಡಿಯಬಾರದು. ಮುದಿ ನಾಯಿಗೆ ಓಟ ಕಡಿಮೆಯಾದಂತೆ ಕ್ಯಾಲೊರಿ ತಗ್ಗಿಸಬೇಕಾದರೂ, ಮೂತ್ರಪಿಂಡದ ಕಾಯಿಲೆ ಇಲ್ಲದಿದ್ದರೆ ಪ್ರೋಟೀನ್ ಕಡಿತ ಮಾಡಬಾರದು. ಮಾಡಿದರೆ ಮಾಂಸಖಂಡ ಕರಗುತ್ತದೆ.

ಮನೆಯೂಟ: ಅನ್ನ, ರಾಗಿ, ಮೊಸರು

ನಾಯಿ ಮಾಂಸಾಹಾರಿ, ಅನ್ನ-ರಾಗಿ ಅದಕ್ಕೆ ಆಗದು ಎಂಬ ಮಾತು ಪೂರ್ಣ ಸತ್ಯವಲ್ಲ. ಮನುಷ್ಯನ ಜೊತೆ ಸಾವಿರಾರು ವರ್ಷ ಬದುಕಿದ ನಾಯಿಯಲ್ಲಿ, ಪಿಷ್ಟವನ್ನು ಜೀರ್ಣಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ಹೆಚ್ಚಿವೆ ಎಂಬುದನ್ನು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿಕೊಟ್ಟರು. ಚೆನ್ನಾಗಿ ಬೇಯಿಸಿದ ಅನ್ನ, ರಾಗಿ, ಜೋಳ ನಾಯಿಗೆ ಜೀರ್ಣವಾಗುತ್ತವೆ. ತೊಂದರೆ ಇರುವುದು ಅವಷ್ಟನ್ನೇ ಹಾಕುವುದರಲ್ಲಿ.

ಮೊಸರನ್ನವನ್ನೇ ತೆಗೆದುಕೊಳ್ಳಿ. ಮೂರು ಪಾಲು ಅನ್ನ, ಒಂದು ಪಾಲು ಮೊಸರು ಬೆರೆಸಿದರೆ 15 ಕೆ.ಜಿ.ಯ ನಾಯಿಗೆ ಬೇಕಾದ 855 ಕ್ಯಾಲೊರಿ ಸುಮಾರು 760 ಗ್ರಾಂನಲ್ಲಿ ಸಿಗುತ್ತದೆ. ಆದರೆ ಅದರಲ್ಲಿರುವ ಪ್ರೋಟೀನ್ ಸುಮಾರು 22 ಗ್ರಾಂ. ನಾಯಿಯ ಆಹಾರದಲ್ಲಿ ಪ್ರತಿ 1000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್ ಇರಬೇಕೆಂಬುದು ಅಮೆರಿಕದ ಮಾನದಂಡ. ಅದರಂತೆ ಈ ನಾಯಿಗೆ 38 ಗ್ರಾಂ ಬೇಕು. ಹೊಟ್ಟೆ ತುಂಬಿತು, ತೂಕವೂ ಏರಿತು, ಆದರೆ ಮಾಂಸಖಂಡಕ್ಕೆ ಸಿಗಬೇಕಾದದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಸಿಕ್ಕಿತು. ದಪ್ಪಗಿದ್ದೂ ಸೊರಗಿರುವ ನಾಯಿಗಳು ಹುಟ್ಟುವುದು ಹೀಗೆ.

ಅದೇ ನಾಯಿಗೆ ಮನೆಯೂಟದ ಒಂದು ಮಾದರಿ: ಅನ್ನ 250 ಗ್ರಾಂ, ಚರ್ಮ ಮತ್ತು ಎಲುಬು ತೆಗೆದು ಬೇಯಿಸಿದ ಕೋಳಿಮಾಂಸ 180 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ಮೊಸರು 100 ಗ್ರಾಂ, ಕ್ಯಾರೆಟ್ ಅಥವಾ ಸಿಹಿಗುಂಬಳ 100 ಗ್ರಾಂ, ಎಣ್ಣೆ ಒಂದು ಟೀ ಚಮಚ. ಒಟ್ಟು ಸುಮಾರು 825 ಕ್ಯಾಲೊರಿ. ಇದರಲ್ಲಿಯೂ ಕ್ಯಾಲ್ಸಿಯಂ ಕೊರತೆ ಇದೆ. ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಅರ್ಧ ಟೀ ಚಮಚ ಸೇರಿಸಿದರೆ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ ಎಂಬುದು ನಿಜ; ಆದರೆ 100 ಗ್ರಾಂ ಹಿಟ್ಟಿನಲ್ಲಿರುವುದು ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ, ಅದರಲ್ಲಿಯೂ ಮೈಗೆ ಹಿಡಿಯುವುದು ಇನ್ನೂ ಕಡಿಮೆ.

ಕ್ಯಾಲ್ಸಿಯಂ ಒಂದೇ ಅಲ್ಲ. ಸತು, ತಾಮ್ರ, ಅಯೋಡಿನ್, ಡಿ ಹಾಗೂ ಇ ಜೀವಸತ್ವಗಳೂ ಮನೆಯೂಟದಲ್ಲಿ ಕೊರತೆಯಾಗುತ್ತವೆ. ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು 2013ರಲ್ಲಿ ಪುಸ್ತಕಗಳು ಹಾಗೂ ಅಂತರಜಾಲದಿಂದ ಆಯ್ದ 200 ಮನೆ ಅಡುಗೆ ಕ್ರಮಗಳನ್ನು ಪರಿಶೀಲಿಸಿದಾಗ, ಶೇ. 95ರಲ್ಲಿ ಕನಿಷ್ಠ ಒಂದು ಪೋಷಕಾಂಶವಾದರೂ ಕಡಿಮೆಯಿತ್ತು. ಆದ್ದರಿಂದ ಪೂರ್ತಿ ಮನೆಯೂಟವನ್ನೇ ನಂಬುವವರು ಪಶುವೈದ್ಯರನ್ನು ಕಂಡು ಖನಿಜ-ಜೀವಸತ್ವಗಳ ಮಿಶ್ರಣವನ್ನು ನಿರ್ಧರಿಸಿಕೊಳ್ಳಬೇಕು. ಮಾಂಸ ಬೇಯಿಸದ ಮನೆಯವರು ಮೊಟ್ಟೆ, ಪನೀರ್, ಸೋಯಾ, ಬೇಳೆಗಳಿಂದ ಪ್ರೋಟೀನ್ ಹೊಂದಿಸಬಹುದು. ನಾಯಿಗೆ ಅದು ಸಾಧ್ಯ, ಬೆಕ್ಕಿಗೆ ಸಾಧ್ಯವಿಲ್ಲ. ಆದರೆ ಇಲ್ಲಿ ತಜ್ಞರ ಸಲಹೆ ಮತ್ತಷ್ಟು ಅಗತ್ಯ.

ತಟ್ಟೆಗೆ ಬೀಳಬಾರದವು

ಉಳಿದ ಸಾರು, ಹುಳಿಯನ್ನು ನಾಯಿಯ ಅನ್ನಕ್ಕೆ ಸುರಿಯುವುದು ನಮ್ಮಲ್ಲಿ ಹಳೆಯ ರೂಢಿ. ಇದನ್ನು ಬಿಡುವುದಕ್ಕೆ ಎರಡು ಬಲವಾದ ಕಾರಣಗಳಿವೆ. ಮೊದಲನೆಯದು ಈರುಳ್ಳಿ, ಬೆಳ್ಳುಳ್ಳಿ. ಇವು ಹಸಿಯಾಗಿದ್ದರೂ ಬೆಂದಿದ್ದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಎರಡನೆಯದು ಹುಣಸೆಹಣ್ಣು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದು ಬಹಳ ಹಿಂದೆಯೇ ತಿಳಿದಿತ್ತು. ಕಾರಣ ಮಾತ್ರ ತಿಳಿದಿರಲಿಲ್ಲ. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಅದೇ ಆಮ್ಲ ಹೇರಳವಾಗಿರುವ ಹುಣಸೆಹಣ್ಣನ್ನು ತಿಂದ ನಾಯಿಗಳಲ್ಲಿಯೂ ಮೂತ್ರಪಿಂಡದ ವೈಫಲ್ಯ ಕಂಡುಬಂದದ್ದನ್ನು 2022ರ ವರದಿಯೊಂದು ದಾಖಲಿಸಿತು.

ಚಾಕೊಲೇಟ್, ಕಾಫಿಪುಡಿ, ಮದ್ಯ, ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಜೈಲಿಟಾಲ್ ನಾಯಿಗೆ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಮಾವಿನ ಓಟೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಬ್ಬದ ದಿನದ ಕರಿದ ತಿಂಡಿ, ತುಪ್ಪದ ಸಿಹಿ, ಬಾಡೂಟದ ಕೊಬ್ಬು ಒಮ್ಮೆಲೇ ಹೊಟ್ಟೆ ಸೇರಿದರೆ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ಇಂಥದ್ದೇನಾದರೂ ತಿಂದದ್ದು ತಿಳಿದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರನ್ನು ಕಾಣಬೇಕು.

ಮುಧೋಳ ನಾಯಿಯ ಪಕ್ಕೆಲುಬು

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕರ್ನಾಟಕದ ಹೆಮ್ಮೆಯ ತಳಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಯಿತಳಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನವಿತ್ತು. ಓಟಕ್ಕೆಂದೇ ರೂಪುಗೊಂಡ ಈ ತಳಿಯ ಆರೋಗ್ಯವಂತ ನಾಯಿಯಲ್ಲಿಯೂ ಕೊನೆಯ ಕೆಲವು ಪಕ್ಕೆಲುಬುಗಳು ಕಾಣುತ್ತವೆ, ನಡು ತೀರ ಸಣ್ಣದಾಗಿರುತ್ತದೆ. ನಗರದಲ್ಲಿ ಇದನ್ನು ಸಾಕಿದವರು ನೆರೆಹೊರೆಯವರ "ನಾಯಿಗೆ ಊಟ ಹಾಕುವುದಿಲ್ಲವೇ?" ಎಂಬ ಮಾತಿಗೆ ಅಂಜಿ ಅದನ್ನು ದಪ್ಪ ಮಾಡುವುದುಂಟು. ಅದು ತಳಿಗೆ ಮಾಡುವ ಅನ್ಯಾಯ. ಇಂಥ ನಾಯಿಯಲ್ಲಿ ತೊಡೆ ಮತ್ತು ಬೆನ್ನಿನ ಮಾಂಸಖಂಡ ಗಟ್ಟಿಯಾಗಿದೆಯೇ ಎಂಬುದನ್ನು ನೋಡಬೇಕು. ಅದು ಗಟ್ಟಿಯಾಗಿದ್ದರೆ ಪಕ್ಕೆಲುಬು ಕಾಣುವುದು ಸೊರಗಿದ ಲಕ್ಷಣವಲ್ಲ.

ಬೀದಿನಾಯಿಗೆ ಎಷ್ಟು?

2025ರ ಜುಲೈನಲ್ಲಿ ಅಂದಿನ ಬಿಬಿಎಂಪಿ, ಬೆಂಗಳೂರಿನ ಸಾವಿರಾರು ಬೀದಿನಾಯಿಗಳಿಗೆ ದಿನವೂ ಬೇಯಿಸಿದ ಆಹಾರ ನೀಡುವ ಯೋಜನೆಗೆ ಟೆಂಡರ್ ಕರೆದಾಗ ದೊಡ್ಡ ಚರ್ಚೆಯೇ ನಡೆಯಿತು. ಪ್ರತಿ ನಾಯಿಗೆ 150 ಗ್ರಾಂ ಕೋಳಿಮಾಂಸ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, 10 ಗ್ರಾಂ ಎಣ್ಣೆ ಸೇರಿದಂತೆ ಒಂದು ಊಟ. ಅದರಿಂದ 465ರಿಂದ 750 ಕ್ಯಾಲೊರಿ ಸಿಗಬೇಕೆಂಬುದು ಅದರಲ್ಲಿನ ಸೂಚನೆಯಾಗಿತ್ತು. ಖರ್ಚು ಸರಿಯೇ ತಪ್ಪೇ ಎಂಬುದು ಬೇರೆ ಮಾತು. ಪ್ರಮಾಣವನ್ನು ಮಾತ್ರ ನೋಡಿದರೆ, 15 ಕೆ.ಜಿ. ತೂಕದ, ಶಸ್ತ್ರಚಿಕಿತ್ಸೆ ಆಗದ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 960 ಕ್ಯಾಲೊರಿ. ಅಂದರೆ ಆ ಒಂದು ಊಟ ದಿನದ ಅಗತ್ಯದ ಅರ್ಧದಿಂದ ಮುಕ್ಕಾಲು ಭಾಗ.

ಬೀದಿನಾಯಿಗೆ ಅನ್ನ ಹಾಕುವವರು ಇದನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು. ಬಿಸ್ಕತ್ತಿನ ಪೊಟ್ಟಣಕ್ಕಿಂತ ಅನ್ನ-ಮೊಟ್ಟೆ ಮೇಲು. ಒಂದೇ ಬೀದಿಯಲ್ಲಿ ನಾಲ್ಕು ಮನೆಯವರು ಹಾಕುತ್ತಿದ್ದರೆ ಮಾತಾಡಿಕೊಂಡು ಹಂಚಿಕೊಳ್ಳಬೇಕು. ಉಳಿದ ಆಹಾರ ಇಲಿ-ಹೆಗ್ಗಣಗಳನ್ನು ಕರೆಯುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಆಹಾರ ನೀಡುವ ಸ್ಥಳವನ್ನು ಮಕ್ಕಳ ಆಟದ ಜಾಗ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರ ಗುರುತಿಸಬೇಕೆಂದು ಹೇಳುತ್ತವೆ. ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ ನಿಗದಿತ ಸ್ಥಳಗಳಲ್ಲಿ ಮಾತ್ರ ಆಹಾರ ನೀಡುವಂತೆ ಸೂಚಿಸಿತು. ಅನ್ನ ಹಾಕುವ ಕೈ ಲಸಿಕೆ ಮತ್ತು ಸಂತಾನಹರಣಕ್ಕೂ ನೆರವಾದಾಗಲೇ ಆ ನಾಯಿಗೂ ಬೀದಿಗೂ ಹಿತ.

ತೂಕ ಇಳಿಸುವುದು ಹೇಗೆ?

36 ಕೆ.ಜಿ.ಗೆ ಏರಿರುವ ಲ್ಯಾಬ್ರಡಾರ್‌ನ ಸರಿಯಾದ ತೂಕ 30 ಕೆ.ಜಿ. ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಬೇಕಾದದ್ದು 30 ಕೆ.ಜಿ.ಗೆ; ಅದರ ವಿಶ್ರಾಂತ ಸ್ಥಿತಿಯ ಅಗತ್ಯವಾದ 895 ಕ್ಯಾಲೊರಿಯನ್ನೇ ದಿನದ ಊಟವಾಗಿ, ತಿಂಡಿಯೂ ಸೇರಿದಂತೆ, ನಿಗದಿ ಮಾಡಬೇಕು. ವಾರಕ್ಕೆ ದೇಹತೂಕದ ಶೇ. 1ರಿಂದ 2, ಅಂದರೆ ಸುಮಾರು 360ರಿಂದ 720 ಗ್ರಾಂ ಇಳಿದರೆ ಸರಿ. ಆರು ಕೆ.ಜಿ. ಇಳಿಯಲು ಎರಡರಿಂದ ನಾಲ್ಕೈದು ತಿಂಗಳು ಬೇಕು. ಉಪವಾಸ ಕೆಡವುವುದು ಸಲ್ಲದು. ಎಂದಿನ ಆಹಾರವನ್ನೇ ತೀರ ಕಡಿಮೆ ಮಾಡಿದರೆ ಪ್ರೋಟೀನ್ ಹಾಗೂ ಖನಿಜಗಳೂ ಕಡಿಮೆಯಾಗುವುದರಿಂದ, ತೂಕ ಇಳಿಸಲೆಂದೇ ತಯಾರಿಸಿದ ಆಹಾರವನ್ನು ಪಶುವೈದ್ಯರ ಸಲಹೆಯಂತೆ ಬಳಸುವುದು ಸೂಕ್ತ.

ಇವನ್ನು ಮರೆಯದಿರಿ

ದಿನಕ್ಕೆ ಒಂದೇ ದೊಡ್ಡ ಊಟಕ್ಕಿಂತ ಎರಡು ಊಟ ಒಳ್ಳೆಯದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ತಳಿಗಳಲ್ಲಿ ಒಮ್ಮೆಗೇ ಗಬಗಬನೆ ತಿನ್ನುವುದು ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ಸ್ಥಿತಿಯ ಅಪಾಯವನ್ನು ಹೆಚ್ಚಿಸುತ್ತದೆ.

ನೀರು ದಿನಕ್ಕೆ ಪ್ರತಿ ಕೆ.ಜಿ.ಗೆ 50ರಿಂದ 60 ಮಿ.ಲೀ. ಬೇಕು, 30 ಕೆ.ಜಿ. ನಾಯಿಗೆ ಒಂದೂವರೆ ಲೀಟರಿಗೂ ಹೆಚ್ಚು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬಿಸಿಲಿನ ದಿನಗಳಲ್ಲಿ ಊಟವನ್ನು ಬೆಳಗಿನ ತಂಪು ಹೊತ್ತಿಗೆ ಹಾಗೂ ಸಂಜೆ ತಡವಾಗಿ ಇಡುವುದು ಒಳ್ಳೆಯದು.

ಆಹಾರ ಬದಲಿಸುವಾಗ ಒಂದು ವಾರದ ಅವಧಿಯಲ್ಲಿ, ಹಳೆಯದನ್ನು ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸಬೇಕು. ಹಾಲು ಕುಡಿದರೆ ಭೇದಿಯಾಗುವ ನಾಯಿಗೆ ಹಾಲನ್ನು ಒತ್ತಾಯಿಸಬಾರದು.

ಚೆನ್ನಾಗಿ ತಿಂದರೂ ತೂಕ ಇಳಿಯುವುದು, ಕಡಿಮೆ ತಿಂದರೂ ಏರುವುದು, ಹಠಾತ್ತನೆ ಹಸಿವು ಅಥವಾ ಬಾಯಾರಿಕೆ ಬದಲಾಗುವುದು, ಇಡೀ ದಿನ ಊಟ ಬಿಡುವುದು – ಇವು ಅಳತೆಯ ಪ್ರಶ್ನೆಗಳಲ್ಲ, ಕಾಯಿಲೆಯ ಸೂಚನೆಗಳಿರಬಹುದು. ಜಂತುಹುಳು, ಮಧುಮೇಹ, ಥೈರಾಯ್ಡ್ ತೊಂದರೆಗಳನ್ನು ತಟ್ಟೆ ಬದಲಿಸಿ ಗುಣಪಡಿಸಲಾಗದು. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಅಥವಾ ಹತ್ತಿರದ ಪಶುವೈದ್ಯರಲ್ಲಿ ತಪಾಸಣೆ ಮಾಡಿಸಬೇಕು.

ನಾಯಿಗೆ ತನ್ನ ಊಟವನ್ನು ತಾನೇ ಬಡಿಸಿಕೊಳ್ಳಲು ಬರುವುದಿಲ್ಲ. ಬಡಿಸಿದ್ದನ್ನು ಬೇಡವೆನ್ನಲೂ ಬರುವುದಿಲ್ಲ. ಮನೆಯಲ್ಲಿ ಇಂದೇ ಮಾಡಬಹುದಾದ ಕೆಲಸ ಎರಡು: ನಾಯಿಯನ್ನು ಒಮ್ಮೆ ತೂಗಿ ನೋಡುವುದು, ಅದರ ಪಕ್ಕೆಲುಬಿನ ಮೇಲೆ ಒಮ್ಮೆ ಕೈ ಆಡಿಸುವುದು. ಮುಂದಿನ ಲೆಕ್ಕಕ್ಕೆ ಐದು ನಿಮಿಷ ಸಾಕು.